ಮಾಚಲೆ ಮತ್ತು ಮಹಾಗಣಕದ ಮೂವರು ನಿಯಂತ್ರಕರು

ಬಹಳ ಹಿಂದೆ, ಕಡಲು ನೆಲಕ್ಕಿಂತ ಎತ್ತರದಲ್ಲಿದ್ದ ಕಾಲದಲ್ಲಿ, ಶಂಖಾವತಿ ಎಂಬ ರಾಜ್ಯವಿತ್ತು. ಅದರ ಮೂರು ದಿಕ್ಕಿಗೂ ಸಮುದ್ರ. ಸಮುದ್ರಕ್ಕೂ ಊರಿಗೂ ನಡುವೆ ಒಂದು ಕಲ್ಲಿನ ಗೋಡೆ, ಗೋಡೆಯ ಉದ್ದಕ್ಕೂ ಕಂಚಿನ ಕದಗಳು. ಉಬ್ಬರ ಬಂದಾಗ ಕದಗಳು ಮುಚ್ಚಿಕೊಳ್ಳುತ್ತಿದ್ದವು. ಇಳಿತದಲ್ಲಿ ತೆರೆದುಕೊಂಡು ಊರಿನ ಮಳೆನೀರನ್ನು ಹೊರಗೆ ಬಿಡುತ್ತಿದ್ದವು. ಅವನ್ನು ಮನುಷ್ಯರು ಯಾರೂ ಎಳೆಯುತ್ತಿರಲಿಲ್ಲ. ಮಹಾಗಣಕ ಎಳೆಯುತ್ತಿತ್ತು.

ಮಹಾಗಣಕ ಎಂದರೆ ನಾವು ಇವತ್ತು ಕಂಪ್ಯೂಟರ್ ಎನ್ನುತ್ತೇವಲ್ಲ, ಅದೇ. ಆದರೆ ಮೇಜಿನ ಮೇಲೆ ಕೂರುವಂಥದ್ದಲ್ಲ. ಅರಮನೆಯ ಹಿಂದೆ ಗುಡ್ಡದಷ್ಟು ಎತ್ತರಕ್ಕೆ ನಿಂತಿತ್ತು. ಹಳೆಯ ಕಾಲದ ಯಕ್ಷರು ಕಟ್ಟಿಕೊಟ್ಟು ಹೋದದ್ದು. ಅದರ ಮುಂದಿನ ನೆಲದಲ್ಲಿ ಅಕ್ಷರ ಕೆತ್ತಿದ ಕಲ್ಲಿನ ಕೀಲಿಗಳಿದ್ದವು. ಅರಮನೆಯ ಆಳುಗಳು ಅವುಗಳ ಮೇಲೆ ಕಾಲಿಟ್ಟು ಒಂದೊಂದೇ ಅಕ್ಷರ ಒತ್ತಿ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಎದುರಿನ ಬಿಳಿ ಗೋಡೆಯ ಮೇಲೆ ಬೆಳಕಾಗಿ ಮೂಡುತ್ತಿತ್ತು.

ಆ ಊರಿನ ಬಂದರಿನಲ್ಲಿ ಮಾಚಲೆ ಎಂಬ ದುಭಾಷಿ ಇದ್ದಳು. ಯಾವ ದೇಶದ ಹಡಗು ಬಂದರೂ ಆ ದೇಶದ ಮಾತು ಅವಳ ಬಾಯಲ್ಲಿತ್ತು. ಅವಳು ನಡುವೆ ನಿಂತು ಮಾತು ದಾಟಿಸುವಾಗ ಎರಡು ಕಡೆಯವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರೇ ಹೊರತು ಅವಳ ಮುಖ ನೋಡುತ್ತಿರಲಿಲ್ಲ. ಮಾಚಲೆಗೆ ಅದರಿಂದ ಬೇಸರವಿರಲಿಲ್ಲ. ತನ್ನನ್ನು ಮರೆತಿದ್ದಾರೆ ಎಂದರೆ ಮಾತು ಸಲೀಸಾಗಿ ಸಾಗುತ್ತಿದೆ ಎಂದೇ ಅವಳು ತಿಳಿಯುತ್ತಿದ್ದಳು. ತಗ್ಗಿನಕೇರಿಯಲ್ಲಿ ಅವಳ ಮನೆ. ಮನೆಯಲ್ಲಿ ತಾಯಿ ಕಾಳವ್ವೆ, ಕಾಲು ಸ್ವಾಧೀನದಲ್ಲಿಲ್ಲದ ಮುದುಕಿ.

ಒಂದು ಬೆಳಗ್ಗೆ ಬಿಳಿ ಗೋಡೆಯ ಮೇಲಿದ್ದ ಬೆಳಕು ಒಡೆದುಹೋಯಿತು. ಅಕ್ಕಿ ಎರಚಿದಂತೆ ಬರೀ ಚುಕ್ಕೆಗಳು. ಮಹಾಗಣಕದ ಒಳಗಿನಿಂದ ಒಂದು ಬೊಬ್ಬೆ ಎದ್ದಿತು. ಉಬ್ಬರ ಏರುತ್ತಿತ್ತು, ಕದಗಳು ಮಾತ್ರ ತೆರೆದೇ ಇದ್ದವು. ತಗ್ಗಿನಕೇರಿಯ ಬೀದಿಗೆ ಉಪ್ಪುನೀರು ನುಗ್ಗಿತು.

ರಾಣಿ ಮಾಣಿಕದೇವಿ ಮಾಚಲೆಯನ್ನು ಕರೆಸಿದಳು. "ಎಲ್ಲ ದೇಶದ ಮಾತೂ ನಿನಗೆ ಬರುತ್ತದಂತೆ. ಇದು ಏನು ಹೇಳುತ್ತಿದೆ, ಕೇಳಿ ಹೇಳು."

ಮಾಚಲೆ ಕಣ್ಣು ಮುಚ್ಚಿ ಕೇಳಿದಳು. ಬಹಳ ಹೊತ್ತು ಕೇಳಿದಳು.

"ತಾಯೀ, ಇದು ಒಬ್ಬರ ಮಾತಲ್ಲ. ಸಂತೆಯಲ್ಲಿ ಬೆಂಕಿ ಬಿದ್ದರೆ ಹೇಗೆ ಕೂಗುತ್ತಾರೋ ಹಾಗೆ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದಾರೆ. ಆ ಗದ್ದಲದ ನಡುವೆ ಯಾರೋ ಅಳುತ್ತಿದ್ದಾರೆ."

"ಯಾರು?"

"ಒಳಗೆ ಹೋಗಿಯೇ ಕೇಳಬೇಕು."

ಮಾಚಲೆ ಮನೆಗೆ ಓಡಿ ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ಅಟ್ಟದ ಮೇಲೆ ಕೂರಿಸಿದಳು. "ಅವ್ವಾ, ನಾನು ಮಹಾಗಣಕದ ಒಳಗೆ ಹೋಗಬೇಕಾಗಿದೆ. ನಿನ್ನನ್ನು ಬಿಟ್ಟು ಹೇಗೆ ಹೋಗಲಿ?"

"ನಾನೇನು ಓಡಿಹೋಗ್ತೀನಾ?" ಎಂದಳು ಕಾಳವ್ವೆ. "ಹೋಗು ಮಾಚೀ. ನೀರು ಅಟ್ಟಕ್ಕೆ ಬರೋದರೊಳಗೆ ಬಂದುಬಿಡು, ಅಷ್ಟೇ."

ಮಹಾಗಣಕದ ಹಿಂಬದಿಗೆ ಒಂದು ಬಾಗಿಲಿತ್ತು. ಅದನ್ನು ದಾಟಿದವರು ಎಳ್ಳಿನ ಕಾಳಿಗಿಂತ ಚಿಕ್ಕವರಾಗುತ್ತಿದ್ದರು. ಅದು ಆ ಬಾಗಿಲಿನ ಗುಣ. ಮಾಚಲೆ ದಾಟಿದಳು, ಚಿಕ್ಕವಳಾದಳು, ತಲೆ ಎತ್ತಿ ನೋಡಿದಳು. ನೋಡಿದವಳಿಗೆ ಕಾಲು ಮುಂದೆ ಬರಲಿಲ್ಲ.

ಒಳಗೊಂದು ನಗರವೇ ಇತ್ತು. ಹಸಿರು ನೆಲದ ಮೇಲೆ ತಾಮ್ರದ ಬೀದಿಗಳು ಕಣ್ಣು ಹಾಯುವಷ್ಟು ದೂರ ಹರಡಿದ್ದವು. ಒಂದು ಬೀದಿ ಇನ್ನೊಂದನ್ನು ಮುಟ್ಟದೆ ಬಳಸಿಕೊಂಡು ಹೋಗುತ್ತಿತ್ತು. ಬೀದಿಗಳಲ್ಲಿ ಬಂಡಿಯಿಲ್ಲ, ಜನರಿಲ್ಲ, ಮಿಂಚು ಓಡಾಡುತ್ತಿತ್ತು. ಕಪ್ಪು ಗೋಪುರಗಳು ಬೆಳ್ಳಿಯ ಕಾಲುಗಳ ಮೇಲೆ ನಿಂತು ಮೆಲ್ಲಗೆ ಗುಂಯ್‌ಗುಡುತ್ತಿದ್ದವು. ಇಷ್ಟು ದಿನ ಈ ಗುಡ್ಡದ ಪಕ್ಕದಲ್ಲೇ ಓಡಾಡಿಕೊಂಡಿದ್ದೆನಲ್ಲ, ಒಳಗೆ ಇಷ್ಟೆಲ್ಲ ಇತ್ತೇ ಎಂದು ಮಾಚಲೆಗೆ ಮೈ ಜುಮ್ಮೆಂದಿತು.

ನಗರದ ನಟ್ಟನಡುವಿನ ಗೋಪುರದಲ್ಲಿ ಅರಸ ಕ್ಷಣವೇಗ ಕುಳಿತಿದ್ದ. ಇವತ್ತಿನವರು ಅವನನ್ನು ಪ್ರೊಸೆಸರ್ ಎನ್ನುತ್ತಾರೆ. ಮಗುವಿನಷ್ಟು ಎತ್ತರ, ಮೈಯೆಲ್ಲ ಬೆಳಕು. ಅವನಿಗೆ ಬರುತ್ತಿದ್ದದ್ದು ಎರಡೇ ಮಾತು, ಹೂಂ ಮತ್ತು ಊಹೂಂ. ಆ ಎರಡನ್ನೇ ಎಷ್ಟು ವೇಗವಾಗಿ ಹೇಳುತ್ತಿದ್ದ ಎಂದರೆ ಹಂಚಿನ ಮೇಲೆ ಮಳೆ ಸುರಿದಂತೆ ಕೇಳುತ್ತಿತ್ತು, ಆ ಮಳೆಯಲ್ಲಿ ಜಗತ್ತಿನ ಎಲ್ಲ ಲೆಕ್ಕವೂ ಇತ್ತು. ಈಗ ಅವನು ಎರಡೂ ಕಿವಿ ಮುಚ್ಚಿಕೊಂಡು ಅಳುತ್ತಿದ್ದ. ಗೋಪುರದ ಎಲ್ಲ ಬಾಗಿಲುಗಳಿಂದಲೂ ಕೂಗು ನುಗ್ಗುತ್ತಿತ್ತು. ಕೀಲಿಗಳ ನಡುಕ, ತಿರುಗುವ ತಟ್ಟೆಯ ಗರ್ಜನೆ, ಕದಗಳಿಗೆ ಕಡಲು ಗುದ್ದುವ ಸದ್ದು, ಎಲ್ಲವೂ ಒಮ್ಮೆಲೇ ಅವನನ್ನೇ ಕರೆಯುತ್ತಿದ್ದವು.

ಮಾಚಲೆ ಅವನ ಪಕ್ಕ ಕುಳಿತು ಆ ಮಳೆಯ ಮಾತನ್ನು ಕೇಳಿದಳು. ಕೇಳುತ್ತಾ ಕೇಳುತ್ತಾ ಅದರ ಹದ ಸಿಕ್ಕಿತು.

"ಯಾರ ಕಡೆ ತಿರುಗಲಿ?" ಎನ್ನುತ್ತಿದ್ದ ಅರಸ. "ಒಬ್ಬರಿಗೆ ಉತ್ತರ ಕೊಡುವಷ್ಟರಲ್ಲಿ ಇನ್ನೊಬ್ಬರು ಎಳೆಯುತ್ತಾರೆ. ಯಾವುದೂ ಮುಗಿಯುತ್ತಿಲ್ಲ. ಕದ ಮುಚ್ಚುವ ಯಕ್ಷರ ಆಜ್ಞೆಯೂ ಮರೆತುಹೋಗಿದೆ."

"ಪ್ರಭು, ಇವರನ್ನೆಲ್ಲ ವಿಚಾರಿಸಿಕೊಳ್ಳಲು ನಿಮ್ಮ ಹತ್ತಿರ ಯಾರೂ ಇಲ್ಲವೇ?"

"ನಿಯಂತ್ರಕರಿದ್ದರು. ಕೆಲಸದಿಂದ ತೆಗೆದುಬಿಟ್ಟೆ. ಧೂಮಜಿಹ್ವ ಎಂಬವನು ಬಂದು ನನ್ನನ್ನು ಹೊಗಳಿದ. ಇಷ್ಟು ವೇಗದ ಅರಸನಿಗೆ ನಡುವಿನವರು ಯಾಕೆ, ಎಲ್ಲವನ್ನೂ ನೀನೇ ನೋಡಿಕೊಳ್ಳಬಲ್ಲೆ ಎಂದ. ನನಗೂ ಹೌದೆನ್ನಿಸಿತು."

ಧೂಮಜಿಹ್ವನ ಹೆಸರು ಮಾಚಲೆಗೆ ಗೊತ್ತಿತ್ತು. ಬಂದರಿನಲ್ಲಿ ಅದನ್ನು ಕೇಳದವರಿಲ್ಲ. ಅವನು ಕಡಲ ತಳದ ಮಾಂತ್ರಿಕ. ಶಂಖಾವತಿಯನ್ನು ಮುಳುಗಿಸಿ ತನ್ನ ಅರಮನೆ ಮಾಡಿಕೊಳ್ಳಬೇಕೆಂದು ಕಾದಿದ್ದವನು.

ನಿಯಂತ್ರಕರು ಎಂದರೆ ಯಾರು ಎಂಬುದನ್ನು ಇಲ್ಲಿ ಹೇಳಬೇಕು. ಇವತ್ತು ನಾವು ಕಂಟ್ರೋಲರ್ ಎನ್ನುವುದು ಅವರನ್ನೇ. ಅರಸ ಕ್ಷಣವೇಗ ತನ್ನ ಗೋಪುರ ಬಿಟ್ಟು ಕದಲಿದವನಲ್ಲ. ಕೀಲಿ ಹೇಗಿರುತ್ತದೆ, ಕದ ಎಷ್ಟು ಭಾರ, ಅವನು ಕಂಡವನಲ್ಲ. ಒಂದೊಂದು ಯಂತ್ರದ ಪಕ್ಕದಲ್ಲೂ ಒಬ್ಬ ನಿಯಂತ್ರಕ ನಿಂತಿರುತ್ತಿದ್ದ. ಆ ಯಂತ್ರದ ಗುಣ, ಸಿಟ್ಟು, ಸೋಮಾರಿತನ ಎಲ್ಲ ಅವನಿಗೆ ಗೊತ್ತು. ಯಂತ್ರದ ಮಾತನ್ನು ಅರಸನ ಹೂಂ-ಊಹೂಂಗೆ ತಿರುಗಿಸಿ ಹೇಳುವನು. ಅರಸನ ಆಜ್ಞೆಯನ್ನು ಯಂತ್ರದ ಮಾತಿಗೆ ತಿರುಗಿಸಿ ಕೆಲಸ ಮಾಡಿಸುವನು. ಕೆಲಸ ಮುಗಿದ ಮೇಲೆ ಗಂಟೆಯ ಹಗ್ಗ ಎಳೆಯುವನು. ಗಂಟೆ ಕೇಳುವವರೆಗೆ ಅರಸ ನಿಶ್ಚಿಂತೆಯಿಂದ ಬೇರೆ ಯೋಚನೆ ಮಾಡಬಹುದಿತ್ತು.

"ಅವರು ಎಲ್ಲಿದ್ದಾರೆ?" ಮಾಚಲೆ ಕೇಳಿದಳು.

"ಅವರವರ ಜಾಗದಲ್ಲೇ ಇದ್ದಾರೆ. ಆದರೆ ಮೃಗಗಳಾಗಿ. ಧೂಮಜಿಹ್ವ ಶಪಿಸಿಬಿಟ್ಟ. ತಮ್ಮನ್ನು ಬೇಕೆಂದು ಯಾರಾದರೂ ಕೇಳಿ, ತಮ್ಮ ಕೆಲಸಕ್ಕೆ ತಾವೇ ಮರಳುವವರೆಗೆ ಅವರಿಗೆ ಬಿಡುಗಡೆಯಿಲ್ಲ."

ಮಾಚಲೆ ಎದ್ದಳು.

ಮೊದಲು ಸಿಕ್ಕಿದ್ದು ಕಂಬಗಳ ಕಾಡು. ಹೊರಗೆ ನೆಲದಲ್ಲಿದ್ದ ಕೀಲಿಗಳ ಬುಡಗಳೇ ಆ ಕಂಬಗಳು. ಮೇಲೆ ಗಾಬರಿಯಾದ ಆಳುಗಳು ಕಂಡಕಂಡ ಕೀಲಿ ತುಳಿಯುತ್ತಿದ್ದರು. ಕಂಬಗಳು ಧಬ್ ಧಬ್ ಎಂದು ಕೆಳಗೆ ಬೀಳುತ್ತಿದ್ದವು, ಮತ್ತೆ ಏರುತ್ತಿದ್ದವು. ಸಿಕ್ಕಿಕೊಂಡರೆ ಅಪ್ಪಚ್ಚಿ. ಮಾಚಲೆ ಬಾಗಿ, ಓಡಿ, ಹೊರಳಿ ಕಾಡಿನ ಮಧ್ಯಕ್ಕೆ ಬಂದಳು. ಅಲ್ಲಿ ದೊಡ್ಡ ಆಮೆಯೊಂದು ತಲೆ ಒಳಗೆಳೆದುಕೊಂಡು ಕೂತಿತ್ತು.

"ಅಜ್ಜೀ, ನಿನ್ನ ಕೆಲಸ ಏನು?"

ಚಿಪ್ಪಿನ ಒಳಗಿನಿಂದ ದನಿ ಬಂತು. "ನನಗೆ ಕೆಲಸವಿಲ್ಲ ಮಗಳೇ. ಅರಸನಿಗೆ ನಡುವಿನವರು ಬೇಡವಂತೆ."

ಆಗ ಪಕ್ಕದ ಒಂದು ಕಂಬ ಇಳಿಯಿತು, ಅಲುಗಿತು, ಸ್ವಲ್ಪ ಎದ್ದು ಮತ್ತೆ ಇಳಿಯಿತು. ಆಮೇಲೆ ದೂರದ ಇನ್ನೊಂದು ಕಂಬ. ಮಾಚಲೆ ಓಡಿಹೋಗಲಿಲ್ಲ, ಅಲ್ಲೇ ಕಂಬದ ನೆರಳಿನಲ್ಲಿ ಕೂತುಬಿಟ್ಟಳು. "ಅಜ್ಜೀ, ಮೇಲೆ ಯಾರೋ ಏನೋ ಹೇಳುತ್ತಿದ್ದಾರೆ. ನನಗೆ ಎಲ್ಲ ದೇಶದ ಮಾತು ಬರುತ್ತದೆ, ಇದು ಬರುತ್ತಿಲ್ಲ. ಎರಡು ಸಲ ಒತ್ತಿದರೋ ಒಂದು ಸಲವೋ, ಅದೂ ತಿಳಿಯುತ್ತಿಲ್ಲ."

ಕಂಬ ಮತ್ತೆ ಇಳಿಯಿತು.

"ಒಂದೇ ಸಲ," ಎಂದಿತು ಆಮೆ. ತಡೆಯಲಾಗಲಿಲ್ಲ ಅದಕ್ಕೆ. "ಒತ್ತಿದವಳ ಕಾಲು ನಡುಗುತ್ತಿದೆ, ಅದಕ್ಕೆ ಎರಡು ಅನ್ನಿಸುತ್ತದೆ. ನಡುಕವನ್ನು ಬಿಟ್ಟು ಒತ್ತಿದ್ದನ್ನು ಮಾತ್ರ ಹಿಡಿಯಬೇಕು. ತಡಿ, ಕೇಳೋಣ." ಚಿಪ್ಪಿನಿಂದ ತಲೆ ಹೊರಗೆ ಬಂತು. ಒಂದೊಂದೇ ಅಕ್ಷರ ಕೂಡಿಸಿ ಹೇಳಿತು. "ನೀರು... ಮೊಣಕಾಲಿಗೆ... ಬಂತು. ಒಳಗೆ ಯಾರಾದರೂ ಇದ್ದೀರಾ?"

ಹೇಳಿ ಮುಗಿಸುವಷ್ಟರಲ್ಲಿ ಆಮೆ ಇರಲಿಲ್ಲ. ಅದರ ಜಾಗದಲ್ಲಿ ದೊಡ್ಡ ಕಿವಿಯ ಮುದುಕಿ ತಟ್ಟವ್ವ ನಿಂತಿದ್ದಳು. ಅವಳು ಗಂಟೆಯ ಹಗ್ಗ ಹಿಡಿದು ಒಮ್ಮೆ ಎಳೆದಳು. ದೂರದ ಗೋಪುರದಲ್ಲಿ ಗಂಟೆ ಮೊಳಗಿತು. ಒಂದು ಕಡೆಯ ಕೂಗು ತಣ್ಣಗಾಯಿತು.

"ಹೊರಗಿನವರ ಮಾತು ಇನ್ನು ನನ್ನ ಜವಾಬ್ದಾರಿ. ನೀನು ನಡಿ ಮಗಳೇ," ಎಂದಳು ತಟ್ಟವ್ವ.

ಮುಂದೆ ಗಾಳಿ ಎದ್ದಿತು. ಮಾಚಲೆಯ ಸೆರಗು ಹಾರಿತು, ಕಣ್ಣಲ್ಲಿ ನೀರು ಬಂತು. ಎದುರಿಗೆ ಕಪ್ಪು ಕನ್ನಡಿಯಂಥ ತಟ್ಟೆ, ಕೆರೆಯಷ್ಟು ಅಗಲ, ಬುಗುರಿಯಂತೆ ತಿರುಗುತ್ತಿತ್ತು. ಶಂಖಾವತಿಯವರು ಮಹಾಗಣಕಕ್ಕೆ ಯಾವತ್ತು ಏನು ಹೇಳಿದ್ದರೂ ಅದು ಈ ತಟ್ಟೆಯ ಮೇಲೆ, ಅಂದರೆ ಇವತ್ತಿನವರ ಡಿಸ್ಕಿನ ಮೇಲೆ, ಉಂಗುರ ಉಂಗುರವಾಗಿ ಉಳಿದಿತ್ತು. ಅದರ ಮೇಲೆ ಕೊಕ್ಕರೆಯ ಕತ್ತಿನಂಥ ಉದ್ದನೆಯ ತೋಳು ಚಾಚಿಕೊಂಡಿತ್ತು. ತಟ್ಟೆಯ ಅಂಚಿನಲ್ಲಿ ಒಂದು ಕಪ್ಪು ಕುದುರೆ ಹುಚ್ಚೆದ್ದು ಸುತ್ತುತ್ತಿತ್ತು.

"ಅಣ್ಣಾ, ನಿಲ್ಲು! ನಿನ್ನ ಕೆಲಸ ಏನು?"

ಕುದುರೆ ಮಿಂಚಿನಂತೆ ಹಾದುಹೋಯಿತು. "ನನಗೆ ಕೆಲಸವಿಲ್ಲ," ಎಂಬ ಮಾತು ಮಾತ್ರ ಹಿಂದೆ ಉಳಿಯಿತು. ಇನ್ನೊಂದು ಸುತ್ತು ಬಂದಾಗ, "ಅರಸನಿಗೆ ನಡುವಿನವರು ಬೇಡವಂತೆ," ಎಂದಿತು.

ಮಾಚಲೆ ತೋಳಿನ ಮೇಲೆ ಹೊಟ್ಟೆಯಲ್ಲಿ ತೆವಳುತ್ತಾ ತುದಿಗೆ ಬಂದಳು. ಕುದುರೆ ಕೆಳಗೆ ಬಂದಾಗ ಹಾರಿದಳು. ತಪ್ಪಿತು. ತಟ್ಟೆ ಅವಳನ್ನು ಎತ್ತಿ ಬಿಸಾಡಿತು. ತಾಮ್ರದ ರಾಶಿಗೆ ಬಿದ್ದು ಮಂಡಿ ತರಚಿಹೋಯಿತು. ಮತ್ತೆ ತೆವಳಿದಳು. ಈ ಸಲ ಹಾರಬೇಕು ಎನ್ನುವಾಗ ಕಿವಿಯಲ್ಲಿ ಒಂದು ದನಿ ಅತ್ತಿತು.

"ಮಾಚಲೇ, ಮಗಳೇ! ನೀರು ಅಟ್ಟಕ್ಕೆ ಬಂತು, ಮುಳುಗುತ್ತಿದ್ದೇನೆ. ಹಿಂದಿರುಗಿ ಬಾ!"

ತಾಯಿಯ ದನಿಯೇ. ಮಾಚಲೆ ಹಿಂದಕ್ಕೆ ತಿರುಗಿಯೂಬಿಟ್ಟಳು. ಆಮೇಲೆ ಆ ಮಾತನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಆಡಿಕೊಂಡಳು. ಅವ್ವ ತನ್ನನ್ನು ಯಾವತ್ತಾದರೂ ಮಾಚಲೆ ಎಂದು ಕರೆದದ್ದುಂಟೇ? ಮುಳುಗುತ್ತಿದ್ದೇನೆ ಎಂದು ಅರಮನೆಯವರ ಹಾಗೆ ಬಿಡಿಸಿ ಹೇಳಿದ್ದುಂಟೇ? ದನಿ ಅವ್ವನದು, ಮಾತು ಅವ್ವನದಲ್ಲ.

"ಧೂಮಜಿಹ್ವಾ, ನಿನಗೆ ತಗ್ಗಿನಕೇರಿಯ ಮಾತು ಬರುವುದಿಲ್ಲ," ಎಂದು ಹೇಳಿ ಅವಳು ಮುಂದಕ್ಕೆ ತಿರುಗಿದಳು. ಕುದುರೆ ಸುತ್ತಿ ಬರುವ ಲಯವನ್ನು ಉಸಿರಿನಲ್ಲಿ ಹಿಡಿದುಕೊಂಡಳು. ಕುದುರೆ ಇನ್ನೂ ಬಾರದಿರುವಾಗಲೇ, ಖಾಲಿ ಜಾಗಕ್ಕೆ ಹಾರಿದಳು. ಬೀಳುವಷ್ಟರಲ್ಲಿ ಕುದುರೆಯ ಬೆನ್ನು ಅಲ್ಲಿಗೆ ಬಂದಿತ್ತು. ಕೈಗೆ ಕೇಸರ ಸಿಕ್ಕಿತು.

ಆಗ ಅವಳು ಕಂಡದ್ದನ್ನು ಬಣ್ಣಿಸುವುದು ಕಷ್ಟ. ಕಾಲ ಕೆಳಗೆ ರಾಜ್ಯದ ಕಾಲವೆಲ್ಲ ಹರಿಯುತ್ತಿತ್ತು. ಗೋಡೆಯ ಮೊದಲ ಕಲ್ಲು ಇಟ್ಟ ದಿನ, ಮರೆತುಹೋದ ರಾಜರ ಮದುವೆಗಳು, ಬತ್ತಿಹೋದ ಬಾವಿಗಳ ಹೆಸರು, ತೀರಿಕೊಂಡ ಅಜ್ಜಿಯರ ಲಾಲಿಹಾಡು. ಒಂದೂ ಅಳಿಸಿರಲಿಲ್ಲ. ಒಂದೂ ಒಂದರ ಮೇಲೊಂದು ಬಿದ್ದಿರಲಿಲ್ಲ.

"ಅಣ್ಣಾ, ಇಷ್ಟರಲ್ಲಿ ಯಾವುದು ಎಲ್ಲಿದೆ ಎಂದು ನಿನಗೆ ಗೊತ್ತೇ?"

"ಗೊತ್ತಿಲ್ಲದೆ ಏನು!" ಎಂದಿತು ಕುದುರೆ. ದನಿಯಲ್ಲಿ ಮೊದಲ ಸಲ ಸ್ವಲ್ಪ ಹೆಮ್ಮೆ ಬಂತು.

"ಕದ ಮುಚ್ಚುವ ಆಜ್ಞೆ ಬೇಕು. ಯಕ್ಷರು ಬರೆದಿಟ್ಟದ್ದು. ಅರಸನಿಗೆ ಈ ಗದ್ದಲದಲ್ಲಿ ಮರೆತುಹೋಗಿದೆ. ನೀನು ಎತ್ತಿಕೊಡದಿದ್ದರೆ ಬೇರೆ ಯಾರೂ ಎತ್ತಲಾರರು."

ಕುದುರೆ ಓಡುತ್ತಾ ಓಡುತ್ತಾ ಒಳಗಿನ ಉಂಗುರಕ್ಕೆ ಸರಿಯಿತು, ಕತ್ತು ಬಗ್ಗಿಸಿತು, ಹೂವು ಕೀಳುವಷ್ಟು ಮೆಲ್ಲಗೆ ಏನನ್ನೋ ಬಾಯಲ್ಲಿ ಎತ್ತಿಕೊಂಡಿತು. ತಟ್ಟೆಯಿಂದ ನೆಗೆದು, ಅರಸನ ಗೋಪುರಕ್ಕೆ ಹೋಗದೆ, ಬೇಕಾದಾಗ ಅರಸ ಕೈಚಾಚಿ ಎತ್ತಿಕೊಳ್ಳುವ ಪಕ್ಕದ ನೆನಪಿನ ಅಂಗಳಕ್ಕೆ ನೇರವಾಗಿ ಒಯ್ದು ಅದನ್ನು ಇಟ್ಟಿತು. ಇಟ್ಟು ತಲೆ ಎತ್ತಿದಾಗ ಅದು ಕುದುರೆಯಲ್ಲ, ಬೆವರು ಸುರಿಯುವ ಯುವಕ ಚಕ್ರಪ್ಪ.

"ಪ್ರತಿಯೊಂದನ್ನೂ ಅರಸನ ಕೈಗೇ ಕೊಟ್ಟು ಅವನನ್ನು ದಣಿಸಬಾರದು ತಂಗೀ," ಎಂದು ಅವನು ಗಂಟೆಯ ಹಗ್ಗ ಎಳೆದ. ಇನ್ನೊಂದು ಕೂಗು ನಿಂತಿತು.

ಉಳಿದದ್ದು ಕಡಲು.

ಕದಗಳ ಕೋಣೆಗೆ ಬರುವಷ್ಟರಲ್ಲಿ ನೀರು ಮಾಚಲೆಯ ಸೊಂಟಕ್ಕೆ ಬಂದಿತ್ತು. ನೀರಿನಲ್ಲಿ ಒಂದು ಮೊಸಳೆ ಮಲಗಿತ್ತು. ಮೈಮೇಲೆ ಹಾವಸೆ ಬೆಳೆದಿತ್ತು. ಕದಗಳಿಂದ ಬಂದ ದಪ್ಪ ತಂತಿ ಅದರ ಬಾಯೊಳಗೆ ಹೋಗಿತ್ತು. ಅರಸನ ಗೋಪುರದಿಂದ ಬಂದ ಇನ್ನೊಂದು ತಂತಿ ತುಂಡಾಗಿ ಗೋಡೆಗೆ ಜೋತುಬಿದ್ದಿತ್ತು.

"ಅಪ್ಪಾ, ನಿನ್ನ ಕೆಲಸ ಏನು?"

"ನನಗೆ ಕೆಲಸವಿಲ್ಲ. ಹತ್ತಿರ ಬರಬೇಡ ತಾಯೀ. ಬಾಯಿಗೆ ಸಿಕ್ಕವರನ್ನು ನುಂಗಬೇಕೆಂದು ನನಗೆ ಶಾಪ."

ಮಾಚಲೆಗೆ ಭಯವಾಯಿತು. ಮಾತು ದಾಟಿಸುವುದು ಗೊತ್ತಿತ್ತೇ ಹೊರತು ಸಾಯುವುದು ಅವಳಿಗೆ ಗೊತ್ತಿರಲಿಲ್ಲ. ಅಟ್ಟದ ಮೇಲಿನ ತಾಯಿಯನ್ನು ನೆನೆದಳು. ಬಲಗೈಯನ್ನು ಮೊಸಳೆಯ ಹಲ್ಲುಗಳ ನಡುವೆ ಹಾಕಿ ತಂತಿಯ ತುದಿ ಹಿಡಿದಳು.

"ಅಪ್ಪಾ, ಕದದ ಭಾರ ನನಗೆ ಗೊತ್ತಿಲ್ಲ. ಕಡಲಿನ ಬಲ ಗೊತ್ತಿಲ್ಲ. ನೀನು ಹೇಳಿಕೊಟ್ಟರೆ ನಿನ್ನ ಮಾತನ್ನು ಅರಸನಿಗೆ ನಾನು ಮುಟ್ಟಿಸುತ್ತೇನೆ. ನುಂಗುವುದಾದರೆ ಆಮೇಲೆ ನುಂಗು."

ಮೊಸಳೆಯ ದವಡೆ ಅದುರಿತು. ಮುಚ್ಚಿಕೊಳ್ಳಲಿಲ್ಲ. ಅದರ ಕಣ್ಣಿನಿಂದ ನೀರು ಇಳಿದು ನೀರಿಗೆ ಸೇರಿತು.

ಮಾಚಲೆ ಎಡಗೈಯಲ್ಲಿ ಅರಸನ ತಂತಿ ಹಿಡಿದಳು. ಹಿಡಿದ ಕೂಡಲೇ ಮಿಂಚು ಅವಳ ಮೈಯೊಳಗೆ ಓಡಿತು. ಒಂದು ಕೈಯಲ್ಲಿ ಅರಸ, ಇನ್ನೊಂದು ಕೈಯಲ್ಲಿ ಕಡಲು. ಅರಸನ ಮಾತು ಮಳೆಯಂತೆ ಸುರಿಯುತ್ತಿತ್ತು. ಕದದ ಮಾತು ಎಷ್ಟು ನಿಧಾನವೆಂದರೆ ಒಂದು ಪದ ಹುಟ್ಟುವಷ್ಟರಲ್ಲಿ ಅಲೆಯೊಂದು ಬಂದು ಹೋಗುತ್ತಿತ್ತು. ಇವರಿಬ್ಬರೂ ನೇರವಾಗಿ ಮಾತಾಡುವುದು ಆಗದ ಕೆಲಸ ಎಂದು ಅವಳಿಗೆ ಆಗ ತಿಳಿಯಿತು. ಯಾರಾದರೊಬ್ಬರು ನಡುವೆ ನಿಲ್ಲಲೇಬೇಕು.

"ಮುಚ್ಚು," ಎಂದ ಅರಸ. ಆ ಕ್ಷಣವೇ ಕೇಳತೊಡಗಿದ, "ಮುಚ್ಚಿತೇ? ಮುಚ್ಚಿತೇ? ಮುಚ್ಚಿತೇ?" ಕದ ಇನ್ನೂ ಮಿಸುಕಿಯೂ ಇರಲಿಲ್ಲ.

"ತಾಳಿ ಪ್ರಭು. ಕಂಚು ಭಾರ, ಕಡಲು ಬಲ. ಆದಕೂಡಲೇ ನಾನೇ ಗಂಟೆ ಹೊಡೆಯುತ್ತೇನೆ. ಅಲ್ಲಿಯವರೆಗೆ ನನ್ನನ್ನು ನಂಬಿ."

ಅರಸ ಸುಮ್ಮನಾದ. ಗೋಪುರ ಸುಮ್ಮನಾಯಿತು. ಮೊಸಳೆ ಮೆಲ್ಲಗೆ ಹೇಳಿಕೊಡತೊಡಗಿತು. "ಈಗ ಸ್ವಲ್ಪ ಬಿಡು. ಅಲೆ ಹಿಂದೆ ಸರಿಯಿತು, ಈಗ ಎಳೆ. ನಿಲ್ಲಿಸು. ಈಗ ಎಳೆ." ಮಾಚಲೆ ಅದನ್ನು ದಾಟಿಸಿದಳು. ಅವಳ ಅಂಗೈ ಉರಿಯಿತು, ಕಣ್ಣು ಕತ್ತಲಿಟ್ಟಿತು, ಕೈ ಮಾತ್ರ ಬಿಡಲಿಲ್ಲ. ಕಂಚಿನ ಕದಗಳು ನರಳುತ್ತಾ ಹೊರಳಿದವು.

ಆ ನಿಶ್ಶಬ್ದದಲ್ಲಿ ಒಂದು ಪಿಸುಮಾತು ಕೇಳಿಸಿತು. ತಂತಿ ಹಿಡಿದಿದ್ದ ಮಾಚಲೆಗೂ ಕೇಳಿಸಿತು. ಅದು ಅರಸನ ಕಿವಿಯ ಪಕ್ಕದಲ್ಲೇ ಇತ್ತು. "ಅವಳು ಸುಳ್ಳು ಹೇಳುತ್ತಿದ್ದಾಳೆ ಪ್ರಭು. ಕದ ತೆರೆದೇ ಬಿಡಿ. ನಿಮಗೆ ನಡುವಿನವರು ಬೇಡ."

ಇಷ್ಟು ದಿನ ಗದ್ದಲದಲ್ಲಿ ಆ ಮಾತು ಅರಸನಿಗೆ ತನ್ನದೇ ಯೋಚನೆಯಂತೆ ಕೇಳುತ್ತಿತ್ತು. ಈಗ ಅದೊಂದೇ ಕೇಳಿಸಿತು.

"ನೀನು ಯಾರ ಕೈಯಿಂದ ಬಂದೆ?" ಎಂದ ಅರಸ. "ಕೀಲಿಯ ಮಾತು ತಟ್ಟವ್ವನಿಂದ ಬರುತ್ತದೆ. ತಟ್ಟೆಯ ಮಾತು ಚಕ್ರಪ್ಪನಿಂದ ಬರುತ್ತದೆ. ಕಡಲಿನ ಮಾತು ಈ ಹೆಣ್ಣುಮಗಳಿಂದ ಬರುತ್ತಿದೆ. ನಿನ್ನನ್ನು ತಂದವರು ಯಾರು? ನೀನು ಯಾವ ಗಂಟೆ ಹೊಡೆದೆ?"

ಧೂಮಜಿಹ್ವ ಮತ್ತೆ ಅದನ್ನೇ ಪಿಸುಗುಟ್ಟಿದ, "ನಿಮಗೆ ನಡುವಿನವರು ಬೇಡ."

"ಊಹೂಂ," ಎಂದ ಅರಸ.

ಒಂದೇ ಒಂದು ಮಾತು. ಹೊಗೆಯ ಎಳೆಯೊಂದು ಗೋಪುರದಿಂದ ಹಾರಿ, ತಾಮ್ರದ ಬೀದಿಗಳ ಮೇಲೆ ನಿಲ್ಲಲು ಜಾಗ ಹುಡುಕಿ, ಎಲ್ಲಿಯೂ ಸಿಗದೆ ಚದುರಿಹೋಯಿತು. ಮಾಂತ್ರಿಕ ಅಲ್ಲಿಗೆ ಮುಗಿದ. ಕೊನೆಯ ಕದ ಢಣ್ ಎಂದು ಕೂಡಿಕೊಂಡಿತು. ಮಾಚಲೆ ಹೇಳಿದ ಮಾತಿನಂತೆ ಗಂಟೆ ಹೊಡೆದು ನೀರಿನಲ್ಲಿ ಕುಸಿದಳು. ಅವಳನ್ನು ಎತ್ತಿಕೊಂಡ ಕೈಗಳು ಮೊಸಳೆಯವಲ್ಲ. ಅಗಲ ಎದೆಯ ಮುದುಕ ತೂಬಣ್ಣನವು. ತುಂಡಾದ ತಂತಿಯನ್ನು ಅವನೇ ಬೆಸೆದು ತನ್ನ ಜಾಗದಲ್ಲಿ ನಿಂತ.

ಮಾಚಲೆ ಬಾಗಿಲು ದಾಟಿ ಮತ್ತೆ ದೊಡ್ಡವಳಾದಳು. ಅಷ್ಟರಲ್ಲಿ ಇಳಿತ ಬಂದು, ಕದಗಳು ತೆರೆದುಕೊಂಡು, ನೀರು ಊರಿನಿಂದ ಇಳಿಯತೊಡಗಿತ್ತು. ಅಟ್ಟದ ಮೆಟ್ಟಿಲಿನ ಮೇಲಿನ ತುದಿಯವರೆಗೂ ಒದ್ದೆಯಾಗಿತ್ತು. ಕಾಳವ್ವೆ ಮಗಳ ಕೈ ಹಿಡಿದು ನೋಡಿದಳು. ಎರಡೂ ಅಂಗೈಯಲ್ಲಿ ಮಿಂಚಿನ ನೀಲಿ ಗೆರೆಗಳು ಮೂಡಿದ್ದವು. "ನೋಯ್ತದಾ ಮಾಚೀ?" ಎಂದಳು. "ಇಲ್ಲವ್ವಾ," ಎಂದು ಮಾಚಲೆ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು.

ಮರುದಿನ ಮಾಣಿಕದೇವಿ ಸಿಂಹಾಸನದಿಂದ ಇಳಿದು ಬಂದು ಅವಳ ಪಕ್ಕ ಕೂತಳು. "ಒಳಗೆ ಏನಿದೆ, ಹೇಳು."

ಎಲ್ಲ ದೇಶದ ಮಾತು ಬಲ್ಲ ಮಾಚಲೆ ಪದಕ್ಕಾಗಿ ತಡಕಾಡಿದಳು. ಕೊನೆಗೆ, "ತಾಯೀ, ನಾವು ಇಲ್ಲಿ ಒಂದು ಕೀಲಿ ಒತ್ತುತ್ತೇವೆ. ಅಷ್ಟಕ್ಕೇ ಒಳಗೆ ಎಷ್ಟು ಜನ ಎದ್ದು ನಿಲ್ಲುತ್ತಾರೆ ಗೊತ್ತೇ? ಒಬ್ಬರೂ ತಮ್ಮ ಹೆಸರು ಹೇಳುವುದಿಲ್ಲ," ಎಂದಳು. ರಾಣಿ ಆ ಮಾತು ಕೇಳಿ ಕೀಲಿಗಳ ಕಡೆಗೆ ತಿರುಗಿ ಕೈಮುಗಿದಳು.

ಆಮೇಲೆ ಶಂಖಾವತಿಯಲ್ಲಿ ಭತ್ತ ಬೆಳೆಯಿತು, ಮಕ್ಕಳು ಹುಟ್ಟಿದರು, ಹಡಗುಗಳು ಬಂದವು, ಹೋದವು. ಮಾಚಲೆ ಅವುಗಳ ನಡುವೆ ನಿಂತು ಮಾತು ದಾಟಿಸಿದಳು. ಜನ ಸುಖವಾಗಿದ್ದರು. ಕಡಲೂ ಸುಖವಾಗಿತ್ತು, ಗೋಡೆಯ ಆಚೆ.